ಹದಿನೇಳನೇ ನಂಬರಿನ ಸಾಲು

ತಿ. ನರಸೀಪುರ
3 ಮಾರ್ಚ್ 2025

ಮಾನ್ಯ ಮಲ್ಲಿಕಾರ್ಜುನ ಸರ್ ಅವರಿಗೆ ನಮಸ್ಕಾರಗಳು.

ನನ್ನ ಹೆಸರು ನಯನ. ಸೋಮನಾಥಪುರದವಳು. ಎರಡು ತಿಂಗಳ ಹಿಂದೆ ಇಲ್ಲಿನ ಡಯಾಲಿಸಿಸ್ ಕೇಂದ್ರದಲ್ಲಿ ಕಂಪ್ಯೂಟರ್ ಕೆಲಸಕ್ಕೆ ಸೇರಿದ್ದೇನೆ. ಆರು ವರ್ಷದ ಹಿಂದೆ ನೀವು ಈ ಕೇಂದ್ರಕ್ಕೆ ಬರೆದುಕೊಟ್ಟ ಪ್ರೋಗ್ರಾಮೇ ಇವತ್ತಿಗೂ ನಡೆಯುತ್ತಿದೆ. ಆರು ಮಿಷನ್, ದಿನಕ್ಕೆ ಮೂರು ಪಾಳಿ, ಐವತ್ತಕ್ಕೂ ಹೆಚ್ಚು ರೋಗಿಗಳು. ಯಾರು ಯಾವ ದಿನ ಯಾವ ಮಿಷನ್ನಿಗೆ ಎಂದು ಹಂಚುವುದು, ಹಿಂದಿನ ದಿನ ಅವರ ಫೋನಿಗೆ ಮೆಸೇಜು ಕಳಿಸುವುದು, ಎಲ್ಲ ಅದರದ್ದೇ.

ಈಗ ಅದನ್ನು ತಿದ್ದಬೇಕಾಗಿ ಬಂದಿದೆ. ತೆರೆದು ನೋಡಿದರೆ ಪಾಳಿ ಹಂಚುವ ಫಂಕ್ಷನ್ ಒಂದೇ ಎಂಟುನೂರು ಸಾಲಿದೆ. ಕೋಡ್ ಎಷ್ಟು ಸಿಕ್ಕಾಗಿದೆ ಎಂದು ಅಳೆಯುವ ಒಂದು ಸಾಧನ ನನ್ನ ಹತ್ತಿರ ಇದೆ. ಫಂಕ್ಷನ್ನಿನೊಳಗೆ ಹೊಕ್ಕು ಹೊರಬರಲು ಎಷ್ಟು ಬೇರೆ ಬೇರೆ ದಾರಿಗಳಿವೆ ಎಂದು ಅದು ಎಣಿಸುತ್ತದೆ. ಒಂದೊಂದು 'ಇಫ್' ಷರತ್ತಿಗೂ ಒಂದು ದಾರಿ ಹೆಚ್ಚು. ಹತ್ತರೊಳಗೆ ಇದ್ದರೆ ಓದುವವರ ತಲೆಯಲ್ಲಿ ನಿಲ್ಲುತ್ತದೆ ಅನ್ನುತ್ತಾರೆ. ನಿಮ್ಮದು ಎಪ್ಪತ್ತಮೂರು ತೋರಿಸಿತು. ಅದೇನೋ ತಪ್ಪು ಎಣಿಸಿರಬೇಕು ಅಂದುಕೊಂಡು ಎರಡು ಸಲ ಎಣಿಸಿದೆ.

ಒಂದು ಕಡೆ ಮುಟ್ಟಿದರೆ ಇನ್ನೆಲ್ಲಿ ಕೆಡುತ್ತದೋ ಎಂದು ಹೆದರಿಕೆಯಾಗುತ್ತದೆ. ನಿಮ್ಮ ಫೋನ್ ನಂಬರು ಇಲ್ಲಿ ಯಾರ ಹತ್ತಿರವೂ ಇಲ್ಲ. ಹಳೆಯ ರಿಜಿಸ್ಟರಿನಲ್ಲಿ ವಿಳಾಸ ಸಿಕ್ಕಿತು. ಕೋಡಿನ ಪ್ರಿಂಟ್ ಇಟ್ಟಿದ್ದೇನೆ. ದಯವಿಟ್ಟು ಸಹಾಯ ಮಾಡಿ.

ಇಂತಿ ವಿಶ್ವಾಸಿ,
ನಯನ

*

ನಂಜನಗೂಡು
14 ಮಾರ್ಚ್ 2025

ನಯನ ಅವರಿಗೆ,

ನಿಮ್ಮ ಪತ್ರ ತಲುಪಿತು. ಇಪ್ಪತ್ತೆಂಟು ವರ್ಷ ಪಾಲಿಟೆಕ್ನಿಕ್‌ನಲ್ಲಿ ಹುಡುಗರ ಪ್ರೋಗ್ರಾಮುಗಳಿಗೆ ನಾನು ಅಂಕ ಕೊಟ್ಟವನು. ನನ್ನದಕ್ಕೆ ಯಾರಾದರೂ ಅಂಕ ಕೊಟ್ಟದ್ದು ಇದೇ ಮೊದಲು. ಎಪ್ಪತ್ತಮೂರು, ಇರಲಿ. ಪಾಸಾಗಿದ್ದೇನೆ ಅಂದುಕೊಳ್ಳುತ್ತೇನೆ.

ಕಣ್ಣಿನ ಆಪರೇಷನ್ ಆಗಿದೆ. ಕಂಪ್ಯೂಟರ್ ನೋಡುವಂತಿಲ್ಲ. ಕಾಗದದ ಮೇಲೆ ಇದ್ದರೆ ಓದಬಲ್ಲೆ, ಅದಕ್ಕೇ ಪತ್ರದಲ್ಲೇ ಬರೆಯುತ್ತೇನೆ. ಫೋನ್ ಬೇಡ.

ನಿಮ್ಮ ಸಾಧನ ದಾರಿಗಳನ್ನು ಎಣಿಸುತ್ತದೆ, ಆ ದಾರಿಯಲ್ಲಿ ಯಾರು ಬರುತ್ತಾರೆ ಎಂದು ಅದಕ್ಕೆ ಗೊತ್ತಿಲ್ಲ. ನೂರ ಹದಿನಾಲ್ಕನೇ ಸಾಲು ನೋಡಿ. ತಾಂಡವಪುರದ ಪುಟ್ಟಬಸವಯ್ಯನಿಗೆ ಸೋಮವಾರ ಬೇಡ ಎಂದಿದೆ. ಸೋಮವಾರ ಆತ ಮಠಕ್ಕೆ ಹೋಗದೆ ಇರುವುದಿಲ್ಲ. ಪಾಳಿ ಹಾಕಿದರೆ ಪಾಳಿ ತಪ್ಪಿಸುತ್ತಾನೆಯೇ ಹೊರತು ಮಠ ತಪ್ಪಿಸುವುದಿಲ್ಲ. ನೂರ ಮೂವತ್ತು: ಹೆಡತಲೆಯ ಮುತ್ತಮ್ಮನಿಗೆ ಮೊದಲ ಪಾಳಿ ಬೇಡ, ಅಷ್ಟು ಬೆಳಿಗ್ಗೆ ಆಕೆಗೆ ಬಸ್ಸಿಲ್ಲ. ನೂರ ನಲವತ್ತೊಂದು: ರಾಣಿಗೆ ಎರಡನೇ ಮಿಷನ್ ಬೇಡ. ಆ ಹುಡುಗಿಯ ತಾಯಿ ಅದೇ ಮಿಷನ್ನಿನಲ್ಲಿ ಹೋದರು.

ನೀವು ಸಿಕ್ಕು ಅನ್ನುವುದೆಲ್ಲ ಒಬ್ಬೊಬ್ಬರು ನನ್ನ ಹತ್ತಿರ ಬಂದು ಹೇಳಿಕೊಂಡದ್ದು. ಬಿಡಿಸುವುದಾದರೆ ಅದನ್ನು ತಿಳಿದು ಬಿಡಿಸಿ.

ಎಂ. ಮಲ್ಲಿಕಾರ್ಜುನ

*

ತಿ. ನರಸೀಪುರ
24 ಮಾರ್ಚ್ 2025

ಸರ್, ನಮಸ್ಕಾರ.

ನಿಮ್ಮ ಪತ್ರ ಓದಿ ನಾಚಿಕೆಯಾಯಿತು. ಎರಡು ತಿಂಗಳಿಂದ ಇಲ್ಲಿದ್ದೂ ವಾರ್ಡಿನೊಳಕ್ಕೆ ನಾನು ಸರಿಯಾಗಿ ಹೋಗಿರಲಿಲ್ಲ. ಹೋದ ವಾರ ದಿನಾ ಹೋಗಿ ಕೂತೆ. ಪುಟ್ಟಬಸವಯ್ಯನವರು ಹಣೆಗೆ ವಿಭೂತಿ ಹಚ್ಚಿಸಿದರು. ರಾಣಿ ಮೊದಲು ಮಾತಾಡಲಿಲ್ಲ, ಆಮೇಲೆ ಬಿಡಲೇ ಇಲ್ಲ.

ಮುತ್ತಮ್ಮನವರು ನಿಮ್ಮ ಹೆಸರು ಕೇಳಿದ ತಕ್ಷಣ ಎದ್ದು ಕೂತುಬಿಟ್ಟರು. "ಮೇಷ್ಟ್ರು ಕಾಗ್ದ ಬರ್ದವ್ರಾ? ಎಂಗವ್ರಂತೆ? ಊಟ ಗೀಟ ಸರ್ಯಾಗ್ ಮಾಡ್ತಾವ್ರಾ ಕೇಳವ್ವ" ಅಂದರು. ಹೋದ ವರ್ಷ ಸೇರಿದ ಸಿಸ್ಟರ್ ಮಧುಶ್ರೀ ಬಂದು ಮಲಗಿಸಬೇಕಾಯಿತು. ಸೂಜಿ ಚುಚ್ಚಿರುವಾಗ ಕೈ ಅಲ್ಲಾಡಿಸಬಾರದಲ್ಲ.

ಕೆಲಸ ಶುರು ಮಾಡಿದ್ದೇನೆ. ಬಸ್ಸಿನ ಷರತ್ತುಗಳೇ ಹನ್ನೊಂದು ಇದ್ದವು. ಅವನ್ನು ಕೋಡಿನಿಂದ ತೆಗೆದು ಒಂದು ಪಟ್ಟಿ ಮಾಡಿದೆ. ಯಾವ ಊರಿಗೆ ಎಷ್ಟು ಹೊತ್ತಿಗೆ ಬಸ್ಸು ಎಂದು ಈಗ ಸಿಸ್ಟರ್ ಕೂಡ ಓದಬಹುದು, ತಿದ್ದಬಹುದು. ನಿಮ್ಮ ಯಾವ ಮಾತನ್ನೂ ಬಿಟ್ಟಿಲ್ಲ, ಇಡುವ ಜಾಗ ಬದಲಾಯಿಸಿದ್ದೇನೆ ಅಷ್ಟೆ.

ಒಂದು ಅನುಮಾನ. ಇನ್ನೂರ ಹನ್ನೆರಡನೇ ಸಾಲಿನಲ್ಲಿ 'ರೋಗಿ 17: ಗುರುವಾರ, ಎರಡನೇ ಪಾಳಿ, ನಾಲ್ಕನೇ ಮಿಷನ್' ಎಂದಿದೆ. ಆದರೆ ಹದಿನೇಳನೇ ನಂಬರಿನವರು ರೋಗಿಗಳ ಪಟ್ಟಿಯಲ್ಲೇ ಇಲ್ಲ. ಆ ಪಾಳಿಗೆ ದಿನದ ಪಟ್ಟಿಯಲ್ಲಿ 'ಸ್ವಚ್ಛತೆ' ಎಂದು ಅಚ್ಚಾಗುತ್ತದೆ. ಬೇಡದ ಸಾಲು ಅನ್ನಿಸುತ್ತದೆ. ತೆಗೆಯಲೇ?

ಮನೆಯಲ್ಲಿ ಅಮ್ಮನವರಿಗೆ ನನ್ನ ನಮಸ್ಕಾರ ತಿಳಿಸಿ.

ನಯನ

*

ನಂಜನಗೂಡು
29 ಮಾರ್ಚ್ 2025

ನಯನ ಅವರಿಗೆ,

212ನೇ ಸಾಲನ್ನು ಮುಟ್ಟಬೇಡಿ. ನಾಲ್ಕನೇ ಮಿಷನ್ನಿನ ನೀರಿನ ಪೈಪು ವಾರಕ್ಕೊಮ್ಮೆ ತೊಳೆಯಬೇಕು. ಅದಕ್ಕಾಗಿ ಗುರುವಾರ ಎರಡನೇ ಪಾಳಿ ಬಿಟ್ಟಿರುವುದು. ಇದರಲ್ಲಿ ಅನುಮಾನ ಪಡುವಂಥದ್ದು ಏನೂ ಇಲ್ಲ.

ಎಂ. ಮಲ್ಲಿಕಾರ್ಜುನ

*

ತಿ. ನರಸೀಪುರ
21 ಏಪ್ರಿಲ್ 2025

ಸರ್, ನಮಸ್ಕಾರ.

ಕೇಳಿದ್ದು ತಪ್ಪಾಗಿದ್ದರೆ ಕ್ಷಮಿಸಿ. ಆ ಸಾಲನ್ನು ಹಾಗೆಯೇ ಬಿಟ್ಟಿದ್ದೇನೆ. ಮುಂದೆ ಬರುವವರಿಗೂ ನನ್ನ ಹಾಗೆ ಗೊಂದಲವಾಗದಿರಲಿ ಎಂದು ಅದರ ಮೇಲೆ ಕಾರಣ ಬರೆದಿಟ್ಟೆ. ವಾರ್ಡಿನ ಬೋರ್ಡಿನಲ್ಲೂ 'ಗುರುವಾರ ಎರಡನೇ ಪಾಳಿ, ನಾಲ್ಕನೇ ಮಿಷನ್ ಸ್ವಚ್ಛತೆ, ಬದಲಾಯಿಸಬಾರದು' ಎಂದು ಬರೆಸಿದೆ.

ಎಪ್ಪತ್ತಮೂರು ಈಗ ನಲವತ್ತೊಂಬತ್ತಕ್ಕೆ ಇಳಿದಿದೆ. ಸಂತೋಷದಿಂದ ಸಿಸ್ಟರ್‌ಗೆ ಹೇಳಿದರೆ, "ಜ್ವರ ಇಳಿದಂಗೆ ಯೋಳ್ತೀಯಲ್ಲೇ" ಎಂದು ನಕ್ಕರು.

ಇನ್ನು ಇಳಿಸಬೇಕೆಂದರೆ ಒಂದು ಮಾತು ಕೇಳಬೇಕು. ಉಳಿದಿರುವುದರಲ್ಲಿ ಮೂವತ್ತನಾಲ್ಕು ಷರತ್ತುಗಳು ಒಂದೇ ಥರ ಇವೆ: ಇಂಥ ನಂಬರಿನವರಿಗೆ ಪಾಳಿ ಹಾಕಬೇಡ, ಮೆಸೇಜು ಕಳಿಸಬೇಡ. ರಿಜಿಸ್ಟರ್ ತೆಗೆದು ಒಂದೊಂದಾಗಿ ಹೋಲಿಸಿದೆ. ಮೂವತ್ತನಾಲ್ಕು ಜನವೂ ತೀರಿಕೊಂಡವರು. ಒಬ್ಬೊಬ್ಬರು ಹೋದಾಗಲೂ ನೀವು ಒಂದೊಂದು 'ಇಫ್' ಸೇರಿಸಿದ್ದೀರಿ. ನೀವು ಸಾಲು ಸೇರಿಸುವುದನ್ನು ನಿಲ್ಲಿಸಿದ ಮೇಲೆ ತೀರಿಕೊಂಡವರ ಹೆಸರನ್ನು ಇಲ್ಲಿನವರು ಕೈಯಿಂದಲೇ ಅಳಿಸುತ್ತಾ ಬಂದಿದ್ದಾರೆ.

ಸರ್, ಒಂದೇ ಪ್ರಶ್ನೆ ಸಾಕಲ್ಲವೇ? ಈ ರೋಗಿ ಈಗ ಇದ್ದಾರೆಯೇ ಎಂದು ಮೊದಲಿಗೇ ಕೇಳಿದರೆ ಈ ಮೂವತ್ತನಾಲ್ಕೂ ಬೇಕಾಗುವುದಿಲ್ಲ. ನಿಮ್ಮಂಥವರಿಗೆ ಇದು ಹೊಳೆಯಲಿಲ್ಲ ಎಂದು ನಂಬಲು ಆಗುತ್ತಿಲ್ಲ.

ನಯನ

*

ನಂಜನಗೂಡು
12 ಮೇ 2025

ನಯನ ಅವರಿಗೆ,

ಉತ್ತರ ತಡವಾಯಿತು. ಹೊಳೆಯದೆ ಏನಿಲ್ಲ. ಎರಡನೇ ವರ್ಷದ ಹುಡುಗನಿಗೂ ಹೊಳೆಯುವಂಥದ್ದು. ಬರೆಯಲಿಲ್ಲ ಅಷ್ಟೆ. ಸದ್ಯಕ್ಕೆ ಅವು ಇರಲಿ, ಆಮೇಲೆ ನೋಡೋಣ.

ಮುತ್ತಮ್ಮ ಕೇಳಿದ್ದು ಸಂತೋಷವಾಯಿತು. ಅವಳೂ ನಮ್ಮ ಮನೆಯವಳೂ ನಾಲ್ಕು ವರ್ಷ ಜೊತೆಯಲ್ಲಿ ಓಡಾಡಿದವರು. ಆಗ ನಂಜನಗೂಡಿನಲ್ಲಿ ಜಾಗ ಸಿಗದೆ ನಾವು ನರಸೀಪುರಕ್ಕೆ ಬರುತ್ತಿದ್ದೆವು. ಮುತ್ತಮ್ಮ ಹೆಡತಲೆಯಿಂದ ಬಸ್ಸಿನಲ್ಲಿ ಬಂದು ನಮ್ಮ ಗೇಟಿನ ಹತ್ತಿರ ನಿಂತಿರುವಳು. ಎಷ್ಟು ಕರೆದರೂ ಒಳಕ್ಕೆ ಬರಳು. ಕಾರು ಹತ್ತಿದ ಮೇಲೆ ಮಾತ್ರ ಇಬ್ಬರ ಬಾಯಿಗೂ ಬಿಡುವಿಲ್ಲ. ಹೆಚ್ಚು ನೀರು ಕುಡಿಯಬಾರದು ಎಂದು ಡಾಕ್ಟರು ಹೇಳಿದ್ದರೆ, ಇವರಿಬ್ಬರೂ ದಾರಿಯುದ್ದಕ್ಕೂ ಯಾವ ಸಾರಿಗೆ ಎಷ್ಟು ಹುಳಿ ಎಂದು ಮಾತಾಡುವರು. ಒಬ್ಬಳು ನಾಲ್ಕನೇ ಮಿಷನ್ನು, ಇನ್ನೊಬ್ಬಳು ಐದನೆಯದು. ನಾನು ಅವರ ಮಧ್ಯೆ ಸ್ಟೂಲು ಹಾಕಿಕೊಂಡು ಮಡಿಲಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಬರೆದದ್ದೇ ನಿಮ್ಮ ಎಪ್ಪತ್ತಮೂರು.

ಈಗ ಅವಳು ಎರಡು ಬಸ್ಸು ಬದಲಾಯಿಸಿ ಬರುತ್ತಿರಬೇಕು. ನಾನು ಕರೆದುಕೊಂಡು ಹೋಗಬಹುದಾಗಿತ್ತು. ಕಾರನ್ನು ಶೆಡ್ಡಿನಿಂದ ಹೊರಗೆ ತೆಗೆಯದೆ ಬಹಳ ದಿನವಾಯಿತು.

ಎಂ. ಮಲ್ಲಿಕಾರ್ಜುನ

*

ತಿ. ನರಸೀಪುರ
30 ಜೂನ್ 2025

ಸರ್,

ಮುತ್ತಮ್ಮನವರು ಶುಕ್ರವಾರ ಬೆಳಿಗ್ಗೆ ತೀರಿಕೊಂಡರು. ಉಸಿರು ಕಟ್ಟಿತಂತೆ. ಮೈಸೂರಿಗೆ ಕರೆದುಕೊಂಡು ಹೋಗುವಾಗ ದಾರಿಯಲ್ಲೇ ಹೋಯಿತು. ನಾನೂ ಸಿಸ್ಟರೂ ಹೆಡತಲೆಗೆ ಹೋಗಿ ಬಂದೆವು.

ಬುಧವಾರ ಸಂಜೆ ಎರಡು ಮಿಷನ್ ಕೆಟ್ಟಿದ್ದವು. ಪಾಳಿಗಳು ಏರುಪೇರಾಗಿದ್ದವು. ನಿಮಗೆ ತಿಳಿಸಬೇಕು ಅನ್ನಿಸಿತು.

ನಯನ

*

ನಂಜನಗೂಡು
5 ಜುಲೈ 2025

ನಯನ,

ಮುತ್ತಮ್ಮ ಹೋದಳು ಎಂದು ನಾಲ್ಕು ಸಲ ಓದಿದೆ. ಮನೆಯಲ್ಲಿ ಹೇಳಿಕೊಳ್ಳುವುದಕ್ಕೆ ಯಾರೂ ಇಲ್ಲ. ಎದುರು ಮನೆಯ ಅಮೃತೇಶನಿಗೆ ಹೇಳಿದೆ. ಅವನಿಗೆ ಮುತ್ತಮ್ಮ ಯಾರು ಎಂದೇ ಗೊತ್ತಿಲ್ಲ.

ಒಂದು ಮಾತು. ಸೋಮವಾರ, ಗುರುವಾರ ಆಕೆಯ ದಿನಗಳು. ಗುರುವಾರ ಡಯಾಲಿಸಿಸ್ ಆಗಿದ್ದರೆ ಶುಕ್ರವಾರ ಬೆಳಿಗ್ಗೆ ಉಸಿರು ಕಟ್ಟಬಾರದು. ಪಾಳಿಗಳು ಏರುಪೇರಾಗಿದ್ದವು ಎಂದು ಬರೆದಿದ್ದೀರಿ. ಮಿಷನ್ ಕೆಟ್ಟರೆ ಆ ಪಾಳಿಯವರನ್ನು ಖಾಲಿ ಜಾಗಕ್ಕೆ ಹಾಕಲು ನಾನೇ ಬರೆದಿದ್ದೇನೆ. ಪ್ರೋಗ್ರಾಮ್ ಆಕೆಗೆ ಯಾವ ದಿನ ಕೊಟ್ಟಿತು?

ಜೂನ್ 26ರ ಗುರುವಾರದ ಪಟ್ಟಿಯ ಪ್ರಿಂಟ್ ಕಳಿಸಿ.

ಮಲ್ಲಿಕಾರ್ಜುನ

*

ತಿ. ನರಸೀಪುರ
2 ಆಗಸ್ಟ್ 2025

ಸರ್, ನಮಸ್ಕಾರ.

ತಡವಾಗಿದ್ದಕ್ಕೆ ಕ್ಷಮಿಸಿ. ಇಲ್ಲಿ ಕೆಲಸ ಜಾಸ್ತಿ. ಕೆಟ್ಟ ಮಿಷನ್‌ಗಳು ಸರಿಯಾಗಿವೆ. ಅಣೆಕಟ್ಟಿನಿಂದ ಕಪಿಲಾ ಹೊಳೆಗೆ ನೀರು ಬಿಟ್ಟಿದ್ದರಿಂದ ಒಂದು ವಾರ ನಮ್ಮ ಕಡೆ ಬಸ್ಸುಗಳೂ ಸುತ್ತಿ ಬರುತ್ತಿದ್ದವು. ಪಾಳಿ ಹಂಚುವ ಫಂಕ್ಷನ್ನನ್ನು ನಾಲ್ಕು ಚಿಕ್ಕ ಭಾಗ ಮಾಡುತ್ತಿದ್ದೇನೆ. ಒಂದೊಂದಕ್ಕೂ ಓದಿದರೆ ತಿಳಿಯುವಂಥ ಹೆಸರು ಇಟ್ಟಿದ್ದೇನೆ.

ನೀವು ಊಟ ಸರಿಯಾಗಿ ಮಾಡುತ್ತಿದ್ದೀರಾ? ಕಣ್ಣು ಹೇಗಿದೆ? ಅಮ್ಮನವರು ಊರಿಗೆ ಹೋಗಿದ್ದಾರೆಯೇ?

ನಯನ

*

ನಂಜನಗೂಡು
9 ಆಗಸ್ಟ್ 2025

ನಯನ,

ನೀನು ಪ್ರಿಂಟ್ ಕಳಿಸಲಿಲ್ಲ. ಒಂದು ತಿಂಗಳು ಕಾದೆ. ಬಸ್ಸಿನ ವಿಷಯ ಬರೆದೆ, ನೀರಿನ ವಿಷಯ ಬರೆದೆ, ಅದೊಂದನ್ನು ಬರೆಯಲಿಲ್ಲ. ಅಲ್ಲಿಗೇ ನನಗೆ ತಿಳಿಯಿತು.

ಮೊದಲು ನನ್ನ ಸುಳ್ಳುಗಳನ್ನು ಹೇಳುತ್ತೇನೆ. ನನ್ನ ಕಣ್ಣಿಗೆ ಏನೂ ಆಗಿಲ್ಲ. ಕಂಪ್ಯೂಟರ್ ತೆರೆದರೆ ಆ ಪ್ರೋಗ್ರಾಮ್ ಕಾಣುತ್ತದೆ, ಅದಕ್ಕೇ ತೆರೆಯುತ್ತಿರಲಿಲ್ಲ. ನಾಲ್ಕನೇ ಮಿಷನ್ನಿನ ಪೈಪಿಗೂ ಗುರುವಾರಕ್ಕೂ ಸಂಬಂಧವಿಲ್ಲ. ಎಲ್ಲ ಮಿಷನ್‌ಗಳನ್ನೂ ಪಾಳಿ ಮುಗಿದ ಮೇಲೆ ತೊಳೆದೇ ತೊಳೆಯುತ್ತಾರೆ. ಹದಿನೇಳನೇ ನಂಬರು ನನ್ನ ಹೆಂಡತಿ ಮಂಗಳ. ನೀನು ಪತ್ರದಲ್ಲಿ ನಮಸ್ಕಾರ ತಿಳಿಸಿ ಅಂದಿದ್ದ ಅಮ್ಮ. ಎರಡು ವರ್ಷದ ಹಿಂದೆ, ಮೇ ತಿಂಗಳಲ್ಲಿ ಹೋದಳು.

ಆ ಮೂವತ್ತನಾಲ್ಕು ಜನ ಹೋದಾಗ ಪ್ರತಿಸಲವೂ ಅವಳೇ ನನಗೆ ಹೇಳುತ್ತಿದ್ದಳು. "ಇವತ್ತು ಇಂಥವರು ಬರಲಿಲ್ಲ ಕಣ್ರೀ, ಅವರ ಮನೆಗೆ ಮೆಸೇಜು ಹೋಗದ ಹಾಗೆ ಮಾಡಿ, ಪಾಪ" ಅನ್ನುವಳು. ನಾನು ಅಲ್ಲೇ ಕೂತು ಒಂದು ಸಾಲು ಸೇರಿಸುವೆ. ಈ ರೋಗಿ ಇದ್ದಾರೆಯೇ ಎಂಬ ಒಂದೇ ಪ್ರಶ್ನೆ ಸಾಕು ಎಂದು ನನಗೆ ಮೊದಲ ದಿನವೇ ಗೊತ್ತಿತ್ತು. ಅವಳ ಪಕ್ಕ ಕೂತು ಆ ಪ್ರಶ್ನೆ ಬರೆಯಲು ಕೈ ಬರಲಿಲ್ಲ. ಬರೆದರೆ ಒಂದು ದಿನ ಅದು ಅವಳನ್ನೂ ಕೇಳುತ್ತದೆ.

ಅವಳು ಹೋದ ಮೇಲೆ ಸೋಮವಾರದ ಪಾಳಿ ಬಿಟ್ಟುಕೊಟ್ಟೆ. ಪಟ್ಟಿಯಿಂದ ಹೆಸರನ್ನೂ ತೆಗೆದೆ. ಕೊನೆಯ ಸಲ ಅವಳು ಅಲ್ಲಿ ಮಲಗಿದ್ದು ಒಂದು ಗುರುವಾರ. ಆ ಸಾಲನ್ನು ಮಾತ್ರ ತೆಗೆಯಲು ಆಗಲಿಲ್ಲ. ಯಾರೂ ಕೇಳದಿರಲಿ ಎಂದು 'ಸ್ವಚ್ಛತೆ' ಎಂದು ತೋರಿಸುವ ಹಾಗೆ ಮಾಡಿ, ಲ್ಯಾಪ್‌ಟಾಪ್ ಮುಚ್ಚಿ ಮನೆಗೆ ಬಂದೆ.

ಜೂನ್ 26ರಂದು ಮುತ್ತಮ್ಮನಿಗೆ ಸಿಗಬೇಕಾಗಿದ್ದ ಜಾಗ ಯಾವುದು ಎಂದು ನೀನೇ ಬರೆದು ಕಳಿಸು. ನನ್ನ ಮೇಲೆ ಕರುಣೆ ಇಟ್ಟು ಏನನ್ನೂ ಬಿಡಬೇಡ.

ಮಲ್ಲಿಕಾರ್ಜುನ

*

ತಿ. ನರಸೀಪುರ
14 ಆಗಸ್ಟ್ 2025

ಮೇಷ್ಟ್ರೇ,

ಪ್ರಿಂಟ್ ಇದರ ಜೊತೆಗಿದೆ. ಅದನ್ನು ಜೂನ್ 28ನೇ ತಾರೀಖೇ ತೆಗೆದಿಟ್ಟಿದ್ದೆ. ಒಂದೂವರೆ ತಿಂಗಳು ನನ್ನ ಬ್ಯಾಗಿನಲ್ಲೇ ಇತ್ತು.

ಎರಡನೇ, ಐದನೇ ಮಿಷನ್ ಕೆಟ್ಟಾಗ ಗುರುವಾರದ ಆರು ಜನಕ್ಕೆ ಜಾಗ ಹುಡುಕಬೇಕಿತ್ತು. ಬೇರೆ ದಿನಗಳಲ್ಲಿ ಬಿಡುವಿದ್ದ ಕಡೆ ಪ್ರೋಗ್ರಾಮ್ ಐದು ಜನಕ್ಕೆ ಅಪಾಯವಾಗದ ಹಾಗೆ ಹೊಂದಿಸಿತು. ಉಳಿದವರು ಮುತ್ತಮ್ಮ. ಅವರಿಗೆ ಶನಿವಾರ ಎಂದು ಮೆಸೇಜು ಹೋಯಿತು. ಸೋಮವಾರದಿಂದ ಶನಿವಾರ ಅಂದರೆ ಐದು ದಿನ. ಗುರುವಾರ ಎರಡನೇ ಪಾಳಿ ನಾಲ್ಕನೇ ಮಿಷನ್ ಖಾಲಿ ಇತ್ತು. ಅದನ್ನು ಕೊಡಬಹುದಾಗಿತ್ತು. ಬೇರೆ ಯಾವ ಕಾರಣವೂ ಇಲ್ಲ. ನೀವು ಕೇಳಿದ್ದೀರಿ ಎಂದು ಬರೆದಿದ್ದೇನೆ.

ನನ್ನದನ್ನೂ ಕೇಳಿ. ಮಾರ್ಚ್ ತಿಂಗಳಲ್ಲೇ ಆ ಸಾಲು ಬೇಡದ್ದು ಅನ್ನಿಸಿತ್ತು. ನೀವು ಗದರಿಸಿದಿರಿ, ನಾನು ಸುಮ್ಮನಾದೆ. ಒಂದು ನಿಮಿಷ ಎದ್ದು ಹೋಗಿ ಮಿಷನ್ ತೊಳೆಯುವವರನ್ನು ಕೇಳಿದ್ದರೆ ಸಾಕಿತ್ತು. ಕೇಳುವ ಬದಲು ಬೋರ್ಡಿನಲ್ಲಿ 'ಬದಲಾಯಿಸಬಾರದು' ಎಂದು ಬರೆಸಿದೆ. ಮಿಷನ್‌ಗಳು ಕೆಟ್ಟ ಆ ಸಂಜೆ ಸಿಸ್ಟರ್ ಬೋರ್ಡು ನೋಡಿ, "ನಾಕನೇದು ಸಿಕ್ಕಿದ್ರೆ ಆಗ್ತಿತ್ತು ಕಣೆ" ಅಂದಿದ್ದರು. ನಾನು ಇಲ್ಲ, ಅದು ಆಗುವುದಿಲ್ಲ ಅಂದೆ. ನನ್ನ ಬಾಯಿಂದಲೇ ಅಂದೆ.

ಕೇಂದ್ರದ ಕಾರ್ಯದರ್ಶಿಗಳ ಹತ್ತಿರ ಎಲ್ಲ ಹೇಳಿದೆ. "ಮಿಷನ್ ಕೆಟ್ಟಿತ್ತು ಅಂತ ಬರ್ದಾಗದೆ, ಬುಡವ್ವ, ಈಗ್ಯಾಕೆ" ಅಂದರು. ಅವರ ಮಾತು ಕೇಳಿ ನನಗೆ ಸಮಾಧಾನವಾಯಿತು, ಮೇಷ್ಟ್ರೇ. ಆ ಸಮಾಧಾನಕ್ಕೆ ಈಗ ನನ್ನ ಮುಖ ನನಗೇ ನೋಡಿಕೊಳ್ಳಲು ಆಗುತ್ತಿಲ್ಲ. ಮುತ್ತಮ್ಮನ ಗಂಡ ದೊಡ್ಡಸಿದ್ದಯ್ಯನವರಿಗೆ ಯಾರೂ ಏನೂ ಹೇಳಿಲ್ಲ.

ನಯನ

*

ನಂಜನಗೂಡು
1 ಸೆಪ್ಟೆಂಬರ್ 2025

ಮಗೂ ನಯನ,

ಮೊನ್ನೆ ಶನಿವಾರ ಹೆಡತಲೆಗೆ ಹೋಗಿದ್ದೆ. ಅದಕ್ಕೆ ಮುಂಚೆ ಎರಡು ಸಲ ಹೊರಟು, ಬಸ್‌ಸ್ಟ್ಯಾಂಡಿನಿಂದ ವಾಪಸು ಬಂದಿದ್ದೆ.

ದೊಡ್ಡಸಿದ್ದಯ್ಯ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಅಡುಗೆ ಮಾಡುವವನು. ಅವತ್ತು ರಜೆ. ಜಗಲಿಯ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದ. ನನ್ನನ್ನು ನೋಡಿ ಎದ್ದು ನಿಂತ.

"ಬನ್ನಿ ಮೇಷ್ಟ್ರೇ, ಒಳಿಕ್ಕೆ ಬನ್ನಿ. ಅವ್ಳಿದ್ದಾಗ ಬರ್ನಿಲ್ಲ, ಈಗ್ಲಾದ್ರೂ ಬಂದ್ರಲ್ಲ" ಅಂದ.

ಕುಳಿತೆ. ನೀರು ಕೊಟ್ಟ. ಕುಡಿಯದೆ ಚೊಂಬು ಕೆಳಗಿಟ್ಟು ಎಲ್ಲವನ್ನೂ ಹೇಳಿದೆ. ನೀನು ಕಳಿಸಿದ ಪ್ರಿಂಟ್ ತೋರಿಸಿ, ಈ ಜಾಗ ನಿನ್ನ ಹೆಂಡತಿಗೆ ಸಿಗಬೇಕಾಗಿತ್ತು, ಸಿಗದ ಹಾಗೆ ಮಾಡಿದವನು ನಾನು ಅಂದೆ. ಮಿಷನ್ ಕೆಟ್ಟದ್ದರಿಂದಲ್ಲ ಅಂದೆ. ಅವನು ಸೊಪ್ಪು ಬಿಡಿಸುವುದನ್ನು ನಿಲ್ಲಿಸಲಿಲ್ಲ.

"ಗೊತ್ತು ಮೇಷ್ಟ್ರೇ" ಅಂದ.

ಏನು ಗೊತ್ತು ಅಂದೆ.

"ಬುಧವಾರ ಸಂಜೆ ಮೆಸೇಜು ಬಂತು, ಶನಿವಾರ ಬನ್ನಿ ಅಂತ. ನಾನೇ ಅಂದೆ, ಯಾವ್ದೂ ಖಾಲಿ ಇಲ್ವಾ ಕೇಳಮ್ಮಿ, ಫೋನ್ ಆಕು ಅಂತ. ಅವ್ಳು ಅಂದ್ಲು, ನಾಕನೇದು ಖಾಲಿ ಇರ್ತದೆ, ತೊಳಿಯಾಕೆ ಅಂತ ಬರ್ದವ್ರೆ, ಅದೆಲ್ಲಾ ಸುಳ್ಳು. ಅದು ಮಂಗಳಕ್ಕನ ಜಾಗ. ಮೇಷ್ಟ್ರು ಇಕ್ಕಂಡವ್ರೆ. ನಾನ್ ಎಂಗ್ ಕೇಳ್ಲಿ? ಎಲ್ಡು ದಿನ ತಾನೆ, ತಡ್ಕತೀನಿ ಅಂದ್ಲು."

ನಯನ, ಅವಳಿಗೆ ಗೊತ್ತಿತ್ತು. ಎರಡು ವರ್ಷದಿಂದ ಪಕ್ಕದ ಮಿಷನ್ನಿನಲ್ಲಿ ಮಲಗಿ ಆ ಖಾಲಿ ಹಾಸಿಗೆಯನ್ನು ನೋಡುತ್ತಿದ್ದಳು. ಯಾರಿಗೂ ಹೇಳಲಿಲ್ಲ. ಎಂಟುನೂರು ಸಾಲನ್ನು ಓದದೆಯೇ ನಾನು ಬಚ್ಚಿಟ್ಟದ್ದನ್ನು ಅವಳೊಬ್ಬಳು ಓದಿಬಿಟ್ಟಿದ್ದಳು. ಓದಿ, ಅದನ್ನು ಕಾಪಾಡಿದಳು.

ಬೈದುಬಿಡು, ಹೊಡೆಯಬೇಕು ಅನ್ನಿಸಿದರೆ ಹೊಡೆ ಅಂದೆ.

"ಬೈಯ್ಯೋಕೆ ನಂಗ್ ಉಸ್ರಿಲ್ಲ ಮೇಷ್ಟ್ರೇ. ನಾನಾದ್ರೂ ಫೋನ್ ಆಕ್ಬೋದಾಗಿತ್ತು. ಅವ್ಳ್ ಮಾತ್ ಕೇಳ್ಕಂಡ್ ಕೂತೆ" ಅಂದ. ಸೊಪ್ಪೆಲ್ಲ ಬಿಡಿಸಿ ಆಯಿತು. ಒಬ್ಬನಿಗೆ ಅಷ್ಟು ಸೊಪ್ಪು ಬೇಕಿರಲಿಲ್ಲ.

ಹೊರಡುವಾಗ ಹೇಳಿದ: "ನೀವು ಬಂದು ಯೋಳಿದ್ದು ಒಳ್ಳೇದಾಯ್ತು. ಆದ್ರೆ ಇನ್ನೊಂದ್ ಸಲ ಬರ್ಬೇಡಿ. ನಿಮ್ಮನ್ನ ಕಂಡ್ರೆ ಅವ್ಳು ನಿಮ್ ಕಾರ್‌ನಾಗೆ ಕೂತ್ಕಂಡು ಓಗ್ತಿದ್ದುದ್ದೇ ಕಣ್ ಮುಂದೆ ಬತ್ತದೆ."

ಆಗಲಿ ಅಂದೆ. ಮೆಟ್ಟಿಲು ಇಳಿದ ಮೇಲೆ ಮತ್ತೆ ಕರೆದ. ಒಳಗಿನಿಂದ ಫೋನ್ ತಂದು ತೋರಿಸಿದ. 'ಮುತ್ತಮ್ಮ ಅವರೇ, ನಾಳೆ ಗುರುವಾರ ನಿಮ್ಮ ಪಾಳಿ. ಊಟ ಮಾಡಿಕೊಂಡು ಬನ್ನಿ.' ಆ ಮಾತುಗಳು ನಾನು ಬರೆದವೇ. ಅವಳು ಹೋದ ಮೇಲೂ ಭಾನುವಾರ, ಬುಧವಾರ ತಪ್ಪದೆ ಬಂದಿದೆ. "ಇದೊಂದ ತಗ್ದಾಕಿ ಮೇಷ್ಟ್ರೇ, ತಡ್ಕಳಕ್ಕಾಗಲ್ಲ" ಅಂದ.

ಗುರುವಾರ ನರಸೀಪುರಕ್ಕೆ ಬರುತ್ತೇನೆ. ಆ ಮೂವತ್ತನಾಲ್ಕು ಸಾಲು, ಆಮೇಲೆ ಹದಿನೇಳನೇ ನಂಬರಿನದು. ನೀನು ಮುಟ್ಟಬೇಡ. ನಾನೇ ತೆಗೆಯಬೇಕು.

ಮಲ್ಲಿಕಾರ್ಜುನ

*

ತಿ. ನರಸೀಪುರ
11 ಸೆಪ್ಟೆಂಬರ್ 2025

ಮೇಷ್ಟ್ರೇ,

ಕ್ಷೇಮವಾಗಿ ಊರು ಸೇರಿದಿರಿ ಎಂದು ನಿಮ್ಮ ಎದುರು ಮನೆಯ ಅಮೃತೇಶ್ ಅವರಿಂದ ತಿಳಿಯಿತು. ಹೋದ ಗುರುವಾರ ನೀವು ಬಂದಾಗ ನಾನು ಒಂದು ಮಾತೂ ಆಡಲಿಲ್ಲ. ಕೋಪ ಅಂದುಕೊಂಡಿರೋ ಏನೋ. ಕೋಪ ಅಲ್ಲ. ನೀವು ಒಂದೊಂದು ಸಾಲು ಅಳಿಸುವ ಮುಂಚೆಯೂ ಅವರ ಹೆಸರು, ಊರು ಹೇಳುತ್ತಿದ್ದಿರಿ. ಇವರು ಚೆಲುವರಾಜು, ಹಾರ್ಮೋನಿಯಂ ಬಾರಿಸುತ್ತಿದ್ದರು. ಇವರು ಶಿವನಂಜಮ್ಮ, ಸೂಜಿ ಎಂದರೆ ಹೆದರುತ್ತಿದ್ದರು. ನಂಬರು ನೋಡಿ ಮೂವತ್ತನಾಲ್ಕು ಜನರನ್ನೂ ಹೇಳಿದಿರಿ, ಒಂದು ಹೆಸರಿಗೂ ತಡವರಿಸಲಿಲ್ಲ. ಆಮೇಲೆ ಆ ಒಂದು ಪ್ರಶ್ನೆಯನ್ನು ಬರೆದಿರಿ. ಕೊನೆಯ ಸಾಲಿಗೆ ಬಂದಾಗ ನಾನು ಎದ್ದು ಹೊರಗೆ ಹೋದೆ. ಬಾಗಿಲ ಹತ್ತಿರ ನಿಂತಿದ್ದೆ. ನೀವು ಅಳುವುದು ಕೇಳಿಸಿತು. ಒಳಕ್ಕೆ ಬರಬೇಕೋ ಬೇಡವೋ ತಿಳಿಯದೆ ಅಲ್ಲೇ ನಿಂತೆ. ಬರಬೇಕಾಗಿತ್ತು.

ನೀವು ಹೋದ ಮೇಲೆ ಅಳೆದೆ. ನಾಲ್ಕು ಭಾಗಗಳಲ್ಲಿ ದೊಡ್ಡದು ಆರು ತೋರಿಸಿತು. ಸಿಸ್ಟರ್ ಮಧುಶ್ರೀಗೆ ಓದಲು ಕೊಟ್ಟೆ. ಕಂಪ್ಯೂಟರ್ ಕಲಿಯದವರು ಪೂರ್ತಿ ಓದಿ, ಅದು ಏನು ಮಾಡುತ್ತದೆ ಎಂದು ಸರಿಯಾಗಿ ಹೇಳಿದರು. ಮೂರು ತಿಂಗಳ ಹಿಂದೆ ಹೀಗಿದ್ದಿದ್ದರೆ ಎಂದು ಅಂದುಕೊಂಡೆ.

ನಿಮ್ಮೆದುರು ಹೇಳಲಾಗದ್ದು ಒಂದಿದೆ. ಮುತ್ತಮ್ಮನ ಮನೆಗೆ ಮೆಸೇಜು ಹೋಗುತ್ತಿದ್ದುದು ಪ್ರೋಗ್ರಾಮಿನ ತಪ್ಪಲ್ಲ. ತೀರಿಕೊಂಡವರ ಹೆಸರನ್ನು ಅಳಿಸುವುದು ನನ್ನ ಕೆಲಸ. ಅವರ ಪಾಳಿಯನ್ನು ಪಟ್ಟಿಯಲ್ಲಿ ಕೈಯಿಂದ ತಿದ್ದಿ ಬೇರೆಯವರಿಗೆ ಕೊಡುತ್ತಿದ್ದೆ, ಹೆಸರನ್ನು ಮಾತ್ರ ತೆಗೆಯಲಾಗಲಿಲ್ಲ. ಮೆಸೇಜು ಹೋಗುತ್ತದೆ ಎಂದು ಹೊಳೆಯಲೇ ಇಲ್ಲ. ನಿಮ್ಮ ಸಾಲನ್ನು ಓದಿ ನಿಮ್ಮ ಮೇಲೆ ಸಿಟ್ಟು ಮಾಡಿಕೊಂಡಿದ್ದವಳು ನಾನು. ಅದೇ ಕೆಲಸವನ್ನು ಎರಡು ತಿಂಗಳು ನಾನೂ ಮಾಡಿದೆ. ನೀವು ಬಂದು ಹೋದ ಮರುದಿನ, ಶುಕ್ರವಾರ ಬೆಳಿಗ್ಗೆ, ಅವರ ಹೆಸರಿನ ಮುಂದೆ 'ಇಲ್ಲ' ಎಂದು ಬರೆದೆ.

ನಿನ್ನೆ ಬುಧವಾರ ಸಂಜೆ ದೊಡ್ಡಸಿದ್ದಯ್ಯನವರು ಕೇಂದ್ರಕ್ಕೆ ಫೋನ್ ಮಾಡಿದ್ದರು.

"ಭಾನುವಾರಾನೂ ಇಲ್ಲ, ಇವತ್ತೂ ಮೆಸೇಜು ಬರ್ಲಿಲ್ಲ ಕಣವ್ವ" ಅಂದರು.

"ತೆಗೆದಿದ್ದೀವಿ ಅಪ್ಪಾಜಿ. ಇನ್ಮೇಲೆ ಬರೋದಿಲ್ಲ" ಅಂದೆ.

"ಊಂ. ನಾನೇ ಅಲ್ವಾ ತಗ್ದಾಕಿ ಅಂದಿದ್ದು" ಅಂದರು. ಫೋನ್ ಇಡಲಿಲ್ಲ. ಕ್ಯಾಂಟೀನಿನ ಪಾತ್ರೆಗಳ ಸದ್ದು ಕೇಳುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ, "ಬೆಳಿಗ್ಗಿಂದ ಫೋನು ಕೈಯಾಗೇ ಇಕ್ಕಂಡಿದ್ದೆ ಕಣವ್ವ" ಅಂದರು.

ಮೇಷ್ಟ್ರೇ, ನಾನೂ ಫೋನ್ ಇಡಲಿಲ್ಲ.

ನಯನ